ಪಿಸುಮಾತಿಗೆ ಸ್ಥಾಯಿ ಇಲ್ಲ

ತುರ್ತು ಸಹಾಯವಾಣಿಗೆ ಬರುವ ಕರೆಗಳಲ್ಲಿ ದನಿ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಅಳೆಯುವ ಪ್ರೋಗ್ರಾಮ್ ಬರೆದವಳು ನಾನೇ. ನಮ್ಮ ಒಳಗಿವಿ ಶಬ್ದವನ್ನು ಎಳೆ ಎಳೆಯಾಗಿ ಬಿಡಿಸಿ, ಪ್ರತಿ ಎಳೆಯ ಮಿಡಿತ ನೋಡಿ ಸ್ಥಾಯಿ ಹಿಡಿಯುತ್ತದಲ್ಲ, ಅದೇ ಉಪಾಯ. ಹೆದರಿದವರ ಸ್ಥಾಯಿ ಏರುತ್ತದೆ. ಅವರಿಗೆ ಕೆಂಪು ಗೆರೆ, ಮೊದಲ ಸರದಿ. ಮಿಡಿತವೇ ಇಲ್ಲದಿದ್ದರೆ ಖಾಲಿ ಕರೆ ಎಂದು ಕತ್ತರಿಸಿ, ಮೂರು ನಿಮಿಷದ ಮೇಲೆ ಯಂತ್ರವೇ ವಾಪಸ್ ಫೋನ್ ಮಾಡುತ್ತದೆ.

"ದೇವರು ಕೊಟ್ಟ ಕಿವಿ ಸಾಲ್ದು ಅಂತ ಇನ್ನೊಂದು ಮಾಡ್ತಿದ್ದೀಯಾ?" ಎಂದು ಅಮ್ಮ ಚುಡಾಯಿಸಿದ್ದಳು. ನನಗೋ ಜಂಬ ನೆತ್ತಿಗೇರಿತ್ತು.

ಆ ಮಧ್ಯಾಹ್ನ ಸಹಾಯವಾಣಿ ಕೇಂದ್ರದಲ್ಲಿ ಊಟದ ಡಬ್ಬಿ ಮುಚ್ಚುತ್ತಾ, ಆಗಷ್ಟೇ ಕತ್ತರಿಸಿದ್ದ ಖಾಲಿ ಕರೆಯೊಂದನ್ನು ಸುಮ್ಮನೆ ಹಾಕಿ ಕೇಳಿದೆ. ಖಾಲಿ ಎಲ್ಲಿಂದ ಬಂತು! ಹೆಂಗಸೊಬ್ಬಳು ಪಿಸುಗುಟ್ಟುತ್ತಿದ್ದಳು: "ಬೀರು ಹಿಂದೆ ಅಡಗಿದ್ದೀನಿ. ನನ್ನ ಗಂಡ ಚಾಕು ಹಿಡ್ಕೊಂಡು ಹುಡುಕ್ತಿದ್ದಾನೆ. ಬೇಗ ಬನ್ನಿ."

ಪಿಸುಮಾತಿನಲ್ಲಿ ಗಂಟಲು ಮಿಡಿಯುವುದಿಲ್ಲ, ಬರೀ ಉಸಿರು. ಇಷ್ಟೂ ಹೊಳೆಯಲಿಲ್ಲವೇ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ದನಿ ಎತ್ತಲಾರದಷ್ಟು ಹೆದರಿದವಳನ್ನೇ ಹೊರಗಟ್ಟಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವಳು ಅವಳು.

ಗಡಿಯಾರ ನೋಡಿದೆ. ಮೂರು ನಿಮಿಷಕ್ಕೆ ಇನ್ನು ಹತ್ತೇ ಸೆಕೆಂಡು. ಯಂತ್ರ ಫೋನ್ ಮಾಡಿದರೆ ಬೀರುವಿನ ಹಿಂದೆ ಗಂಟೆ ಹೊಡೆದುಕೊಳ್ಳುತ್ತದೆ.

"ನಿಲ್ಸಿ! ಆ ಕರೆ ನಿಲ್ಸಿ!" ಎಂದು ಕಿರುಚಿದೆ. ಮೇಲ್ವಿಚಾರಕ ಓಡಿಬಂದು ಗುಂಡಿ ಹುಡುಕುವಷ್ಟರಲ್ಲಿ ಆ ಕಡೆ ರಿಂಗಾಯಿತು. ಎರಡನೆಯ ರಿಂಗಿಗೆ ಯಾರೋ ಎತ್ತಿದರು.

"ಯಾರು?"

ನನ್ನ ಹೆಡ್‌ಫೋನಿನಲ್ಲಿ ಗಂಡಸಿನ ದನಿ. ಪರದೆಯ ಮೇಲೆ ಅವನ ಗೆರೆ ನೆಟ್ಟಗಿತ್ತು, ಹಸಿರಾಗಿತ್ತು. ಪಕ್ಕದಲ್ಲಿ 'ಶಾಂತ' ಎಂದು ಬರೆದಿತ್ತು.

ಮೇಲ್ವಿಚಾರಕ ಇನ್ನೊಂದು ಫೋನಿನಲ್ಲಿ ಪೊಲೀಸರಿಗೆ ವಿಳಾಸ ಕೊಟ್ಟು, ನನ್ನತ್ತ ಆರು ಬೆರಳು ತೋರಿಸಿದ. ಗಾಡಿ ತಲುಪಲು ಆರು ನಿಮಿಷ. ನಮ್ಮ ನಂಬರ್ ಅಲ್ಲಿ ಕಾಣುವುದಿಲ್ಲ, ಅದೊಂದು ಪುಣ್ಯ. ಅಲ್ಲಿಯವರೆಗೆ ಇವನನ್ನು ಮಾತಿನಲ್ಲೇ ಕಟ್ಟಿಹಾಕಬೇಕು.

"ಸರ್, ನಿಮ್ಗೊಂದು ಪಾರ್ಸೆಲ್ ಬಂದಿದೆ. ಮನೆ ಎಲ್ಲಿ ಬರುತ್ತೆ, ಸ್ವಲ್ಪ ಹೇಳ್ತೀರಾ?" ಎಂದೆ, ಆದಷ್ಟು ಹಗುರವಾಗಿ.

ಪರದೆಯಲ್ಲಿ ಎರಡನೆಯ ಗೆರೆಯೊಂದು ಸರ್ರನೆ ಮೇಲೇರಿ ಕೆಂಪಾಯಿತು. ಅದು ನನ್ನದು.

ಅವನ ಕಿವಿಗೆ ಪರದೆ ಬೇಕಿರಲಿಲ್ಲ.

"ಪಾರ್ಸೆಲ್ ಕೊಡೋಕೆ ಯಾಕಮ್ಮಾ ಇಷ್ಟು ಹೆದರ್ಕೊಂಡಿದ್ದೀಯಾ?" ಎಂದ ಮೆಲ್ಲಗೆ. "ನಿಂಗೇನು ಹೇಳಿದ್ಲು ಇವ್ಳು?"