ಅಮ್ಮನ ಮೇಲೆ ಕಟ್ಟಿದ ಹಾಡು

ಅವಳನ್ನು ಗರಗಸ ಅಂತ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರಲ್ಲ ಬಿಡಿ, ಯಾವ ತಾಯಿ ಮಗಳನ್ನು ಹಾಗೆ ಕರೆದಾಳು? ಅದು ಬ್ಯಾಂಡಿನ ಹುಡುಗರು ಕೊಟ್ಟ ಬಿರುದು. ಮೈಕು ಹಿಡಿದು ಬಾಯಿ ತೆರೆದಳೆಂದರೆ ಹಸಿ ಮರ ಕೊಯ್ದ ಸದ್ದು. ಪಂಕ್ ಅಂತ ಕೂಗಾಟದ ಹಾಡು ಹಾಡುವವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಈಗ ಅದೇ ಗರಗಸ, ನೆರೆತ ಕೂದಲನ್ನು ಬಾಚಿ ಕಟ್ಟಿಕೊಂಡು ವಾಷಿಂಗ್ ಮೆಷಿನ್ ರಿಪೇರಿ ಅಂಗಡಿಯ ಕೌಂಟರಿನಲ್ಲಿ ಕೂರುತ್ತಾಳೆ. ‘ನಿಮ್ಮ ಕಷ್ಟ ಗೊತ್ತಾಗುತ್ತೆ ಸಾರ್, ನಾಳೇನೇ ಮೆಕ್ಯಾನಿಕ್ ಕಳಿಸ್ತೀವಿ ಸಾರ್’ ಅಂತ ಬೆಣ್ಣೆ ಸವರಿ ಮಾತಾಡುತ್ತಾಳೆ. ಕಾಲ ಯಾರ ಬಾಯಲ್ಲಿ ಏನು ಹೇಳಿಸುತ್ತೋ ಬಲ್ಲವರಿಲ್ಲ.

ಒಂದು ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಮನೆಗೆ ಬಂದರೆ ಅಡುಗೆಮನೆ ಮೇಜಿನ ಮುಂದೆ ಮೊಳೆ ಕೂತಿದ್ದಾನೆ! ಮೊಳೆ ಅಂದರೆ ಬ್ಯಾಂಡಿನ ಗಿಟಾರಿನವನು. ಆಗ ಕೂದಲಿಗೆ ಸೋಪು ಹಚ್ಚಿ ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಲ್ಲಿಸುತ್ತಿದ್ದ. ಈಗ ಬಾತ್‌ರೂಮ್ ಟೈಲ್ಸ್ ಮಾರುತ್ತಾನೆ, ತಲೆಯೂ ಅವನ ಟೈಲ್ಸಿನಷ್ಟೇ ನುಣ್ಣಗಾಗಿದೆ. ಎದುರಿಗೆ ಅಮ್ಮ ಕೂತು ಅವನಿಗೆ ಟೀ ಬಗ್ಗಿಸುತ್ತಿದ್ದಾಳೆ.

‘ನಿಮ್ಮ ಬ್ಯಾಂಡು ಮತ್ತೆ ಹಾಡುತ್ತಂತಲ್ಲೇ,’ ಅಂದಳು ಅಮ್ಮ. ‘ನಾಳೆ ಬಿಟ್ಟು ಬರೋ ಭಾನುವಾರ. ಕುರ್ಚಿ ಗಿರ್ಚಿ ಎಲ್ಲಾ ಇರೋ ಹಾಲಂತೆ. ನಾನೂ ಬರ್ತೀನಿ ಅಂತ ಹೇಳಿದೀನಿ ಇವನಿಗೆ.’

ಮೊಳೆ ಹಲ್ಲು ಕಿರಿದ. ಯಾರೋ ಕಾಲೇಜು ಹುಡುಗನಿಗೆ ಇವರ ಹಳೇ ಕ್ಯಾಸೆಟ್ ಸಿಕ್ಕಿದೆಯಂತೆ, ಅವನು ಅದನ್ನು ಇಂಟರ್‌ನೆಟ್ಟಿಗೆ ಹಾಕಿದ್ದಾನಂತೆ, ಹುಡುಗರು ಹುಚ್ಚೆದ್ದು ಕೇಳುತ್ತಿದ್ದಾರಂತೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗಾಯಿತು.

ಅವನನ್ನು ಮೆಟ್ಟಿಲವರೆಗೂ ಬಿಡುವ ನೆಪದಲ್ಲಿ ಹೊರಗೆ ಕರೆತಂದು ಅಂಗಿ ತೋಳು ಹಿಡಿದಳು. ‘ಬುದ್ಧಿ ಇದೆಯೇನೋ ನಿಂಗೆ? ಆ ಹಾಡು ಯಾರ ಮೇಲಿದೆ ಅಂತ ಮರೆತುಬಿಟ್ಯಾ?’

‘ಯಾವ ಹಾಡು?’ ಅಂದ. ಮರುಕ್ಷಣ ಅವನ ಮುಖ ಇಳಿಯಿತು. ‘ಅಯ್ಯೋ... ಅಮ್ಮನೇ ಬಾಗಿಲು ತೆಗೆದ್ರು, ಕೂರಿಸಿ ಟೀ ಕೊಟ್ರು. ಬನ್ನಿ ಅಂದ್ಬಿಟ್ಟೆ ಕಣೆ. ಆದ್ರೆ ಅದನ್ನ ಬಿಟ್ರೆ ನಮ್ಮ ಯಾವ ಹಾಡೂ ಯಾರಿಗೂ ನೆನಪಿಲ್ಲ. ಆ ಹುಡುಗರು ನಮ್ಮನ್ನ ಕರೆದಿರೋದೇ ಅದಕ್ಕೆ.’

ಆ ಹಾಡಿನ ಕತೆ ಹೇಳಬೇಕು. ಬ್ಯಾಂಡಿನ ಹೆಸರು ತುಕ್ಕು. ಒಂದು ಪೀಠೋಪಕರಣದ ಅಂಗಡಿಯ ನೆಲಮಾಳಿಗೆಯಲ್ಲಿ, ಮುರಿದ ಸೋಫಾಗಳ ನಡುವೆ ಇವರ ಆಟ. ಅಲ್ಲಿಗೆ ಬರುತ್ತಿದ್ದ ಹುಡುಗರು ಖುಷಿಯಾದರೆ ಚಪ್ಪಾಳೆ ತಟ್ಟುತ್ತಿರಲಿಲ್ಲ, ಉಗಿಯುತ್ತಿದ್ದರು. ಮೈಮೇಲೆ ಎಂಜಲು ಬಿದ್ದಷ್ಟೂ ಮರ್ಯಾದೆ! ಇಂಥ ಲೋಕದಲ್ಲೂ ಒಂದು ಕಟ್ಟಳೆ ಇತ್ತು. ಹಾಡು ಅಂದರೆ ನಿಜ ಇರಬೇಕು, ಅದೂ ಸ್ವಂತ ಮನೆಯ ನಿಜ. ಊರವರನ್ನು ಬೈಯುವುದಕ್ಕೆ ಧೈರ್ಯ ಬೇಕಿಲ್ಲ, ನಿನ್ನ ಮನೆಯ ಬಾಗಿಲು ತೆಗೆದು ತೋರಿಸು ಅನ್ನುತ್ತಿದ್ದರು. ಮೊಳೆ ತನ್ನ ಅಣ್ಣನ ಕುಡಿತದ ಮೇಲೆ ಹಾಡಿದ. ಡ್ರಮ್ಮು ಬಾರಿಸುವ ಡಬ್ಬಿ, ಬೆಲ್ಟಿನಲ್ಲಿ ಬಾರಿಸುತ್ತಿದ್ದ ಅಪ್ಪನ ಮೇಲೆ ಹಾಡಿದ. ಗರಗಸಳ ಸರದಿ ಬಂತು. ಇವಳ ಮನೆಯಲ್ಲಿ ಯಾರಿದ್ದರು? ಅಪ್ಪ ಯಾವತ್ತೋ ಬಿಟ್ಟು ಹೋಗಿದ್ದ, ಅವನ ಮುಖವೇ ನೆನಪಿಲ್ಲ. ಉಳಿದವಳು ಅಮ್ಮ ಒಬ್ಬಳು. ಅಮ್ಮ ಹೊಡೆಯಲಿಲ್ಲ, ಕುಡಿಯಲಿಲ್ಲ, ಒಂದು ದಿನ ಊಟ ತಪ್ಪಿಸಲಿಲ್ಲ. ಇಂಥವಳ ಮೇಲೆ ಏನು ಅಂತ ಹಾಡುವುದು? ಮೊಸರಲ್ಲಿ ಕಲ್ಲು ಹುಡುಕುವವಳ ಹಾಗೆ ಹುಡುಕಿದಳು. ಸಿಕ್ಕಿತು.

ಅಮ್ಮ ಒಂದು ದೊಡ್ಡ ಆಫೀಸಿನಲ್ಲಿ ನೆಲ ಒರೆಸುತ್ತಿದ್ದಳು. ಸೂಪರ್‌ವೈಸರ್ ಮನೆಗೆ ಫೋನ್ ಮಾಡಿದರೆ ಸಾಕು, ಕೂತವಳು ಎದ್ದು ನಿಲ್ಲುವಳು. ಬಟ್ಟೆ ಸರಿಮಾಡಿಕೊಂಡು, ಆತ ಎದುರಿಗೇ ಇದ್ದಾನೇನೋ ಅನ್ನುವ ಹಾಗೆ ಬೆನ್ನು ಬಗ್ಗಿಸಿ, ‘ಹೌದು ಸಾರ್, ಆಯ್ತು ಸಾರ್’ ಅನ್ನುವಳು. ಮಗಳು ಅದನ್ನೇ ಎತ್ತಿಕೊಂಡಳು.

‘ಹೌದು ಸಾರ್! ಆಯ್ತು ಸಾರ್! ನನ್ನ ಬೆನ್ನೇ ಮೆಟ್ಟಿಲು, ಹತ್ಕೊಂಡು ಹೋಗಿ ಸಾರ್!’

ಇಷ್ಟೇ ಹಾಡು. ಇದನ್ನೇ ತಿರುಗಿಸಿ ಮುರುಗಿಸಿ ಕೂಗುವುದು. ಮೊದಲ ಸಲ ಹಾಡುವ ಸಂಜೆ ಇನ್ನೂ ಖಾರ ಇರಲಿ ಅಂತ, ಅಮ್ಮ ಕೆಲಸಕ್ಕೆ ಹಾಕಿಕೊಳ್ಳುವ ನೀಲಿ ಕೋಟನ್ನೇ ಹೇಳದೆ ಕೇಳದೆ ತೆಗೆದುಕೊಂಡು ಹೋದಳು. ಅದನ್ನು ತೊಟ್ಟು, ಫೋನ್ ಹಿಡಿದ ಹಾಗೆ ಕೈ ಕಿವಿಗಿಟ್ಟು, ‘ಇದು ನಮ್ಮಮ್ಮ’ ಅಂತ ಹೇಳಿ ಬೆನ್ನು ಬಗ್ಗಿಸಿದಳು. ನೆಲಮಾಳಿಗೆ ಎದ್ದು ಕುಣಿಯಿತು. ಜನ ಒಂದೇ ಬಾಯಲ್ಲಿ ಕೂಗಿದರು, ಕೋಟಿನ ತುಂಬ ಉಗಿದರು. ಅವತ್ತು ಇವಳ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದು ಕೋಟನ್ನು ಬಕೆಟ್ಟಿಗೆ ಎಸೆದು ಮಲಗಿದಳು. ಬೆಳಿಗ್ಗೆ ಎದ್ದಾಗ ಬಕೆಟ್ ಖಾಲಿ. ಅಮ್ಮ ಒಗೆದು, ಒದ್ದೆಯದನ್ನೇ ತೊಟ್ಟು ಕೆಲಸಕ್ಕೆ ಹೋಗಿದ್ದಳು. ಆ ಕೋಟಿಲ್ಲದೆ ಗೇಟಿನೊಳಗೆ ಬಿಡುತ್ತಿರಲಿಲ್ಲ. ಸಂಜೆ ಬಂದಾಗ ಅಮ್ಮ ಕೇಳಲಿಲ್ಲ, ಇವಳು ಹೇಳಲಿಲ್ಲ.

ಆಗ ನಾಚಿಕೆಯಾಗಲಿಲ್ಲವೇ ಅಂದರೆ, ಇಲ್ಲ. ನಾಚಿಕೆ ಬಂದದ್ದು ಎಷ್ಟೋ ವರ್ಷದ ಮೇಲೆ. ರಿಪೇರಿ ಅಂಗಡಿಗೆ ಸೇರಿದ ಹೊಸತು, ಮ್ಯಾನೇಜರ್ ಫೋನ್ ಮಾಡಿ ಯಾರದೋ ತಪ್ಪಿಗೆ ಇವಳನ್ನು ಬೈಯುತ್ತಿದ್ದ. ಫೋನ್ ಇಟ್ಟ ಮೇಲೆ ನೋಡುತ್ತಾಳೆ, ತಾನು ಎದ್ದು ನಿಂತಿದ್ದಾಳೆ. ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಅಂಗಡಿಯ ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅಂದಿನಿಂದ ಆ ಹಾಡು ಎಲ್ಲಾದರೂ ನೆನಪಾದರೆ ಮೈಯೆಲ್ಲ ಮುಳ್ಳೇಳುತ್ತಿತ್ತು. ಒಂದೇ ಸಮಾಧಾನವೆಂದರೆ ಅಮ್ಮನಿಗೆ ಅದು ತಿಳಿದಿಲ್ಲ. ತಿಳಿಯುವುದೂ ಬೇಡ. ಅವಳು ಇದ್ದಷ್ಟು ದಿನ ಈ ಗುಟ್ಟೊಂದು ಉಳಿಸಿಕೊಂಡರೆ ಸಾಕು ಅಂದುಕೊಂಡಿದ್ದಳು. ಈಗ ನೋಡಿದರೆ ಅಮ್ಮ ಮುಂದಿನ ಸಾಲಿನ ಕುರ್ಚಿಗೆ ತಯಾರಾಗಿ ಕೂತಿದ್ದಾಳೆ.

ಆ ವಾರ ಪೂರ್ತಿ ಅಮ್ಮನನ್ನು ತಪ್ಪಿಸುವ ಪಾಡೇ ಪಾಡು.

‘ಅಮ್ಮಾ, ಕಿವಿ ಹರಿದುಹೋಗೋ ಗಲಾಟೆ ಇರುತ್ತೆ.’

‘ಕಿವಿ ಮಂದ ಆಗಿದ್ದು ಯಾವಾಗ ಉಪಯೋಗಕ್ಕೆ ಬರ್ಬೇಕು ಮತ್ತೆ?’

‘ಕುರ್ಚಿ ಗಟ್ಟಿ. ಬೆನ್ನು ನೋಯುತ್ತೆ.’

‘ದಿಂಬು ತಗೊಂಡು ಬರ್ತೀನಿ.’

‘ಬರೋರೆಲ್ಲ ಪಡ್ಡೆ ಹುಡುಗರು. ಕೆಟ್ಟ ಮಾತಾಡ್ತಾರೆ.’

‘ನಾನು ಆಫೀಸಿನ ಟಾಯ್ಲೆಟ್ ಗೋಡೆ ಒರೆಸಿದೋಳು ಕಣೆ. ಅಲ್ಲಿ ಓದಿದ್ದಕ್ಕಿಂತ ಕೆಟ್ಟದ್ದು ಇವರೇನು ಹೇಳ್ತಾರೆ?’

ಬುಧವಾರ ಟೈಲ್ಸ್ ಗೋಡೌನಿನಲ್ಲಿ ಅಭ್ಯಾಸಕ್ಕೆ ಸೇರಿದರು. ಡಬ್ಬಿ ಈಗ ಶಾಲೆಯ ಬಸ್ ಓಡಿಸುತ್ತಾನೆ, ಹೊಟ್ಟೆ ಡ್ರಮ್ಮಿಗೆ ತಗಲುತ್ತದೆ. ಆ ಹಾಡೊಂದು ಬಿಡೋಣ ಅಂತ ಗರಗಸ ಕೇಳಿಕೊಂಡಳು.

‘ನಮ್ಮಪ್ಪನ ಮೇಲಿನ ಹಾಡು ನಾನು ಹಾಡಲ್ವಾ? ನಂಗೇನು ನಾಚಿಕೆ?’ ಅಂದ ಡಬ್ಬಿ.

‘ನಿಮ್ಮಪ್ಪ ಹೊಡೀತಿದ್ದ ಕಣೋ! ನಮ್ಮಮ್ಮ ಏನು ಮಾಡಿದ್ಲು ನಂಗೆ? ಹೇಳು, ಏನು ಮಾಡಿದ್ಲು?’

ಡಬ್ಬಿ ಕೋಲು ಕೆಳಗಿಟ್ಟ. ಕೊನೆಗೆ ಮೊಳೆಯೇ ಒಂದು ದಾರಿ ಹೇಳಿದ. ಹಾಡು ಇರಲಿ, ಎರಡನೇ ಸಾಲು ಬದಲಾಯಿಸು. ಬೆನ್ನು ಬೇಡ, ಮೆಟ್ಟಿಲು ಬೇಡ. ಸಾಹೇಬನನ್ನೇ ಬೈದ ಹಾಗೆ ಮಾಡು, ‘ನಮ್ಮಮ್ಮ’ ಅನ್ನೋ ಮಾತೂ ಎತ್ತಬೇಡ. ಇವತ್ತಿನ ಹುಡುಗರು ಅದನ್ನು ಹಾಗೇ ತಿಳಿದುಕೊಂಡಿದ್ದಾರೆ, ಅಮ್ಮನೂ ಹಾಗೇ ತಿಳಿಯಲಿ. ಗರಗಸಳಿಗೆ ಹೋದ ಜೀವ ಬಂದ ಹಾಗಾಯಿತು. ಕಳ್ಳನಿಗೊಂದು ಪಿಳ್ಳೆ ನೆವ ಸಿಕ್ಕಿತ್ತು.

ಹೊಸ ಸಾಲು ಕಟ್ಟುವುದೇನೋ ಸುಲಭ, ನಾಲಗೆಗೆ ಹತ್ತಿಸುವುದು ಕಷ್ಟ. ಬಾಯಿ ತೆರೆದರೆ ಹಳೆಯದೇ ಹೊರಗೆ ಬರುತ್ತಿತ್ತು. ಶನಿವಾರ ಮಧ್ಯಾಹ್ನ ಬಾತ್‌ರೂಮಿನ ಬಾಗಿಲು ಮುಚ್ಚಿಕೊಂಡು, ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಉರು ಹೊಡೆಯುತ್ತ ನಿಂತಳು.

‘ಹೌದು ಸಾರ್! ಆಯ್ತು ಸಾರ್! ನಿಮ್ಮ ಕುರ್ಚಿ ಅಲ್ಲಾಡ್ತಿದೆ, ಗಟ್ಟಿ ಹಿಡ್ಕೊಳ್ಳಿ ಸಾರ್!’

‘ಅದು ಹಾಗಲ್ಲ,’ ಅಂತ ಬಾಗಿಲ ಆಚೆಯಿಂದ ಕೇಳಿಸಿತು.

ಗರಗಸ ನಲ್ಲಿ ನಿಲ್ಲಿಸಿದಳು.

‘ಎರಡನೇ ಸಾಲು ತಪ್ಪು ಹೇಳ್ತಿದೀಯ,’ ಅಂದಳು ಅಮ್ಮ. ‘ನನ್ನ ಬೆನ್ನೇ ಮೆಟ್ಟಿಲು, ಹತ್ಕೊಂಡು ಹೋಗಿ ಸಾರ್. ಹಾಗಲ್ವಾ ಇದ್ದಿದ್ದು?’

ಬಾಗಿಲು ತೆಗೆದರೆ ಅಮ್ಮ ಮಡಿಸಿದ ಟವೆಲ್ಲುಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ನಗುವೂ ಇಲ್ಲ. ಗರಗಸ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು.

‘ಅವತ್ತು ಕೋಟಿಗೆ ಅಂತ ಬಂದಿದ್ದೆ,’ ಅಂದಳು ಅಮ್ಮ. ‘ಬೆಳಿಗ್ಗೆ ಬೇಕಿತ್ತಲ್ಲ. ಎಲ್ಲಾ ಕಡೆ ಹುಡುಕಿದೆ, ಸಿಗಲಿಲ್ಲ. ನೀನೇ ತಗೊಂಡು ಹೋಗಿರ್ಬೇಕು ಅಂತ ಕೇಳ್ಕೊಂಡು ಕೇಳ್ಕೊಂಡು ಆ ನೆಲಮಾಳಿಗೆಗೆ ಬಂದೆ. ಚಳಿಗೆ ಹಾಕ್ಕೊಂಡಿದ್ದಾಳೆ ಅಂದ್ಕೊಂಡೆ ಮೊದಲು. ಆಮೇಲೆ ನೀನು ಬೆನ್ನು ಬಗ್ಗಿಸ್ದೆ.’

‘ಅಲ್ಲಿಂದ ಹೊರಟುಹೋಗ್ಬಾರ್ದಿತ್ತಾ ಅಮ್ಮಾ...’

‘ಹೋಗೋಕೆ ದಾರಿ ಎಲ್ಲಿತ್ತು? ಹಿಂದೆ ಜನ, ಮುಂದೆ ಜನ. ಎಲ್ಲರೂ ಕೈ ಎತ್ತಿ ಕೂಗ್ತಿದ್ರು. ನಾನೂ ಕೂಗ್ದೆ.’

‘ನೀನಾ?’

‘ಮತ್ತೆ? ಅಷ್ಟು ಜನರಲ್ಲಿ ಬಾಯಿ ಮುಚ್ಕೊಂಡು ನಿಂತಿದ್ದೋಳು ನಾನೊಬ್ಳೇ. ಪಕ್ಕದ ಹುಡುಗಿ ತಿರುಗಿ ತಿರುಗಿ ನನ್ನೇ ನೋಡ್ತಿದ್ಲು. ಇವಳೇ ಆ ಅಮ್ಮ ಅಂತ ಗೊತ್ತಾಗ್ಬಿಟ್ರೆ ನಿನ್ನ ಸ್ನೇಹಿತರ ಮುಂದೆ ನಿನ್ನ ಮರ್ಯಾದೆ ಏನಾಗ್ಬೇಕು? ಅದಕ್ಕೇ ಕೂಗ್ದೆ. ಜೋರಾಗೇ ಕೂಗ್ದೆ.’

ಭೂಮಿ ಬಾಯಿ ಬಿಡಬಾರದೇ ಅಂತ ಜನ ಸುಮ್ಮನೆ ಹೇಳುವುದಿಲ್ಲ. ಗರಗಸಳಿಗೆ ಅಮ್ಮನ ಮುಖ ನೋಡಲಾಗಲಿಲ್ಲ, ಅವಳ ಚಪ್ಪಲಿ ನೋಡುತ್ತ ಕೂತಳು. ಬಾಯಿಗೆ ಬಂದದ್ದು ಒಂದು ಪೆದ್ದು ಪ್ರಶ್ನೆ.

‘ಬೇಜಾರಾಗ್ಲಿಲ್ವಾ ನಿಂಗೆ?’

‘ಆಗದೆ ಇರುತ್ತಾ? ನಾನೇನು ಕಲ್ಲಾ?’ ಅಂದಳು ಅಮ್ಮ. ‘ಮಾರನೇ ದಿನ ಸೂಪರ್‌ವೈಸರ್ ಕರೆದು ಏನೋ ಕೆಲಸ ಹೇಳ್ದ. ಹೌದು ಅನ್ನೋಕೆ ಬಾಯಿ ತೆಗೆದೆ, ನೀನು ಅಣಕಿಸಿದ ಹಾಗೇ ಕೇಳಿಸ್ತು ನಂಗೆ. ಅರ್ಧಕ್ಕೇ ನಿಲ್ಲಿಸ್ಬಿಟ್ಟೆ. ಅವತ್ತಿಂದ ಬರೀ ತಲೆ ಆಡಿಸ್ತಿದ್ದೆ. ಗಂಟಲಿಗೇನಾಯ್ತು ಅಂತ ಕೇಳೋರು. ರಿಟೈರ್ ಆಗೋವರೆಗೂ ನಂಗೆ ಗಂಟಲು ಕೆಟ್ಟಿದೆ ಅಂತಾನೇ ತಿಳ್ಕೊಂಡಿದ್ರು ಅಲ್ಲಿ.’

ಮನೆಯಲ್ಲಿ ಇಷ್ಟೆಲ್ಲ ಮಾತಾಡುವ ಅಮ್ಮ, ಅಲ್ಲಿ ಅಷ್ಟು ವರ್ಷ ಬಾಯಿ ಬಿಡದೆ ನೆಲ ಒರೆಸಿದಳು. ಅದು ಈ ಮಗಳು ಮಾಡಿದ ಕೆಲಸ. ಗರಗಸ ಅಳಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು ಅನ್ನಿಸಿತು ಅವಳಿಗೆ.

‘ನಾನು ಹಾಡಲ್ಲ ಅಮ್ಮಾ. ಈಗಲೇ ಮೊಳೆಗೆ ಫೋನ್ ಮಾಡ್ತೀನಿ. ಆ ಹಾಡೂ ಬೇಡ, ಆ ಹಾಲೂ ಬೇಡ. ನನ್ನ ತಪ್ಪು ಹೊಟ್ಟೆಗೆ ಹಾಕ್ಕೋ.’

‘ಸುಮ್ನಿರು!’ ಅಂದಳು ಅಮ್ಮ. ಹಾಗೆ ಗದರಿದ್ದು ಮಗಳಿಗೆ ನೆನಪೇ ಇರಲಿಲ್ಲ. ‘ಹೊಟ್ಟೆಗೆ ಹಾಕ್ಕೊಂಡು ಹಾಕ್ಕೊಂಡು ಸಾಕಾಗಿದೆ. ನೀನು ಹಾಡ್ಬೇಕು. ಸಾಲು ಬದಲಾಯಿಸ್ಬೇಡ, ಅವತ್ತು ಹೇಗೆ ಹಾಡಿದ್ಯೋ ಹಾಗೇ ಹಾಡು. ಇದು ನಮ್ಮಮ್ಮ ಅಂತ ಅವತ್ತು ಹೇಳಿದ್ಯಲ್ಲ, ಅದನ್ನೂ ಹೇಳು.’

‘ಯಾಕಮ್ಮಾ?’

ಅಮ್ಮ ಟವೆಲ್ಲುಗಳನ್ನು ಅವಳ ತೊಡೆಯ ಮೇಲಿಟ್ಟಳು.

‘ಮುಂದಿನ ಸಾಲಲ್ಲೇ ಕೂತಿರ್ತೀನಿ. ಎಲ್ಲರೂ ನನ್ನನ್ನ ನೋಡ್ಲಿ. ಈ ಸಲ ನಾನು ಕೂಗಲ್ಲ.’