ಸೋಲಲೊಲ್ಲದ ಖಲೀಫ

ಗಿರಿಯಪ್ಪನವರಿಗೆ ಸೋಲುವ ಪಾತ್ರ ಕೊಟ್ಟದ್ದೇ ಭಾಗವತ ದುಗ್ಗು ಮಾಡಿದ ಎಡವಟ್ಟು. ದೋಹಾದ ತಾಳಮದ್ದಳೆ ಬಳಗದಲ್ಲಿ ಈ ಬಗ್ಗೆ ಎರಡು ಮಾತಿಲ್ಲ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪದ ಮಾತ್ರ ಮೊದಲೇ ಬರೆದದ್ದು, ಮಾತು ಅವರವರದ್ದೇ. ಹಮದ್ ಬಂದರಿನಲ್ಲಿ ಸೂಪರ್‌ವೈಸರ್ ಆಗಿರುವ ಗಿರಿಯಪ್ಪನವರು ಅಲ್ಲಿ ಎಂಟು ಗಂಟೆ ಬಾಯಿ ಮುಚ್ಚಿಕೊಂಡಿರುವುದನ್ನು ಇಲ್ಲಿ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದರು. ಕಥೆಯಲ್ಲಿ ಸಾಯಬೇಕಾದ ರಾಕ್ಷಸನ ಅರ್ಥ ಹೇಳಿದರೂ ಕೊಲ್ಲಲು ಬಂದ ದೇವರೇ ಕ್ಷಮೆ ಕೇಳಬೇಕು, ಹಾಗಿತ್ತು ಅವರ ನಾಲಗೆ.

ಈ ಸಲದ್ದು ದುಗ್ಗುವೇ ಪದ ಕಟ್ಟಿದ ಹೊಸ ಪ್ರಸಂಗ. ಏಳೂವರೆ ಶತಮಾನದ ಹಿಂದೆ ಮಂಗೋಲರ ಹುಲಗು ಖಾನ್ ಬಾಗ್ದಾದಿಗೆ ಮುತ್ತಿಗೆ ಹಾಕಿ ಅಬ್ಬಾಸಿ ಖಲೀಫರ ಸಾಮ್ರಾಜ್ಯವನ್ನು ಮುಗಿಸಿದ್ದು ಮೊದಲ ಭಾಗ. ಅದೇ ಹುಲಗುವಿನ ಮರಿಮಗ ಗಾಜಾನ್ ಖಾನ್ ತಾನೇ ಇಸ್ಲಾಮಿಗೆ ಬಂದದ್ದು ಕೊನೆಯ ಭಾಗ. ಖಲೀಫ ಗಿರಿಯಪ್ಪನವರು, ಹುಲಗು ಬ್ಯಾಂಕಿನ ಲತೇಶ್, ಗಾಜಾನ್ ಅಬ್ದುಲ್ ಲತೀಫ್. ದೋಹಾ ಅಲ್ ಜದೀದಾದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಕರಾವಳಿಯ ಉಳ್ಳಾಲದ ಈ ಬ್ಯಾರಿ ಮುಸ್ಲಿಮ ವರ್ಷಗಟ್ಟಲೆ ಬಳಗಕ್ಕೆ ಮದ್ದಳೆ ಬಾರಿಸಿದ್ದ. ಅರ್ಥ ಹೇಳಲು ಕೂತದ್ದು ಇದೇ ಮೊದಲು. ಅವನ ತಾಯಿ ಹಬೀಬಾ ವಿಸಿಟ್ ವೀಸಾದಲ್ಲಿ ಬಂದಿದ್ದರು. ಮರುದಿನ ಊರಿಗೆ ವಿಮಾನ. ಮಗನ ಮಾತು ಕೇಳಲೆಂದು ಮುಂದಿನ ಸಾಲಿನಲ್ಲೇ ಕೂತಿದ್ದರು.

ಶುಕ್ರವಾರ ಮಧ್ಯಾಹ್ನ, ಉಮ್ಮ್ ಸಲಾಲಿನ ಒಂದು ವಿಲ್ಲಾದ ಹಾಲ್. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಕೂಗುವ ಹೊತ್ತಿಗೆ ಹಾಲ್ ಬಿಟ್ಟುಕೊಡಬೇಕು. ಆಮೇಲೆ ಅಲ್ಲಿ ಯಾರೋ ಮಲಯಾಳಿಗಳ ನಿಶ್ಚಿತಾರ್ಥ.

"ಗಿರಿಯಪ್ಪಣ್ಣ, ಬೇಗ ಸೋತುಬಿಡಿ ಆಯ್ತಾ? ಲತೀಫನಿಗೆ ಟೈಮ್ ಬೇಕು" ಎಂದು ದುಗ್ಗು ಮೊದಲೇ ಕೇಳಿಕೊಂಡಿದ್ದ.

"ಅದೆಂತ ದೊಡ್ಡ ವಿಷಯ ಮಾರಾಯ! ಎರಡೇ ಮಾತು, ಬಾಗ್ದಾದು ಖಲಾಸ್" ಎಂದಿದ್ದರು ಗಿರಿಯಪ್ಪನವರು. ಹೇಳುವಾಗ ಅದನ್ನು ಅವರು ನಂಬಿಯೂ ಇದ್ದರು, ಪಾಪ.

ಲತೇಶ್ ಗತ್ತಿನಿಂದಲೇ ಶುರುಮಾಡಿದ. "ಎಲೈ ಖಲೀಫ! ನಿನ್ನ ಭಂಡಾರದ ತುಂಬ ಬಂಗಾರ, ಕೋಟೆಯ ಮೇಲೆ ಕಾವಲಿಗೆ ಜನವಿಲ್ಲ. ಇದೆಂಥ ರಾಜ್ಯಭಾರ?"

ಇಲ್ಲಿ ತಲೆ ತಗ್ಗಿಸಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಗಿರಿಯಪ್ಪನವರ ನಾಲಗೆ ತುರಿಸಿತು. "ಖಾನನೇ, ನೀನು ಗೆದ್ದದ್ದು ಗೋಡೆಯನ್ನು. ಗೋಡೆಯೊಳಗೆ ಗ್ರೀಕರ ವೈದ್ಯವಿದೆ, ಹಿಂದೂಸ್ಥಾನದ ಗಣಿತವಿದೆ, ನಕ್ಷತ್ರಗಳ ಶಾಸ್ತ್ರವಿದೆ. ಓದಲು ಬಾರದವನು ಗ್ರಂಥಭಂಡಾರವನ್ನು ಗೆದ್ದೆನೆಂದರೆ, ಬೇಲಿ ಹಾರಿದ ಆಡು ಹೂದೋಟವನ್ನು ಗೆದ್ದೆನೆಂದಂತೆ!"

ಹಾಲ್ ಗೊಳ್ಳೆಂದಿತು. ಚಪ್ಪಾಳೆ ಕೇಳಿದ ಮೇಲೆ ಗಿರಿಯಪ್ಪನವರನ್ನು ಹಿಡಿಯುವವರುಂಟೇ? ಒಂದರ ಹಿಂದೆ ಒಂದು ಪ್ರಶ್ನೆ. ಲತೇಶ್ ಬೆವರೊರೆಸಿಕೊಂಡ, ನೀರು ಕುಡಿದ, ಕೊನೆಗೆ ದಾರಿ ಕಾಣದೆ, "ಖಲೀಫರೇ, ತಾವು ಹೇಳುವುದು ಸರಿಯೇ. ಹಾಗಾದರೆ ನಾನು ದಂಡು ಹಿಂತೆಗೆದು..." ಎಂದುಬಿಟ್ಟ.

ದುಗ್ಗು ಗಾಬರಿಯಾದ. ಹುಲಗು ವಾಪಸ್ ಹೋದರೆ ಪ್ರಸಂಗ ಅಲ್ಲಿಗೇ ನಿಂತಿತು! ಜಾಗಟೆಯನ್ನು ಢಣ್ಣೆಂದು ಬಡಿದು ಮುತ್ತಿಗೆಯ ಪದವನ್ನು ಮತ್ತೊಮ್ಮೆ ಎತ್ತಿದ. ಪದ ಮುಗಿಯುವಷ್ಟರಲ್ಲಿ ಗಿರಿಯಪ್ಪನವರ ಬಾಯಲ್ಲಿ ಇನ್ನೊಂದು ಉತ್ತರ ಸಿದ್ಧವಾಗಿತ್ತು, ಹಿಂದಿನದಕ್ಕಿಂತ ಸೊಗಸಾದದ್ದು.

ಆಗ ಮುಂದಿನ ಸಾಲಿನಲ್ಲಿ ಹಬೀಬಾ ಪಕ್ಕದವರನ್ನು ಮೆಲ್ಲಗೆ ಕೇಳಿದ್ದು ಗಿರಿಯಪ್ಪನವರ ಕಿವಿಗೆ ಬಿತ್ತು: "ನಮ್ಮ ಲತೀಫ್ ಮಾತಾಡುವುದು ಯಾವಾಗ? ಹೊತ್ತು ಮುಳುಗುತ್ತಾ ಬಂತಲ್ಲ."

ಗಿರಿಯಪ್ಪನವರು ಓರೆಗಣ್ಣಿನಿಂದ ನೋಡಿದರು. ಲತೀಫ್ ಮೂಲೆಯಲ್ಲಿ ಕೂತು ಕಿಟಕಿಯ ಬಿಸಿಲನ್ನು ನೋಡುತ್ತಿದ್ದ. ತುಟಿ ಮಾತ್ರ ಅಲುಗುತ್ತಿತ್ತು. ತನ್ನ ಮಾತನ್ನು ಒಳಗೇ ಹೇಳಿಕೊಳ್ಳುತ್ತಿದ್ದ. ಛೇ, ಇಷ್ಟು ವರ್ಷ ಎಷ್ಟು ಜನರ ಹೊತ್ತು ನುಂಗಿದೆನೋ ಎಂದು ಗಿರಿಯಪ್ಪನವರಿಗೆ ನಾಚಿಕೆಯಾಯಿತು. ಆ ಸೊಗಸಾದ ಉತ್ತರವನ್ನು ಅವರು ನುಂಗಿಕೊಂಡರು. ಸುಲಭವಾಗಿರಲಿಲ್ಲ.

"ಖಾನನೇ, ನಾನು ಸೋತೆ" ಎಂದರು. "ಮಾತಿನಲ್ಲಿ ಸೋಲಲಿಲ್ಲ, ಅದು ನಿನಗೂ ಗೊತ್ತು. ಕಾವಲಿಲ್ಲದ ಕೋಟೆಯಲ್ಲಿ ಕೂತು ಮಾತನ್ನೇ ಕಾವಲೆಂದು ನಂಬಿದೆನಲ್ಲ, ಅದಕ್ಕೆ ಸೋತೆ. ಬಾಗ್ದಾದು ನಿನ್ನದು. ನನ್ನ ಕಾಲ ಮುಗಿಯಿತು, ಮುಂದಿನವರು ಮಾತಾಡಲಿ."

ಹೆಗಲ ಶಾಲನ್ನು ಮಡಚಿ ಲತೇಶನ ಮುಂದಿಟ್ಟು ಎದ್ದರು. ಸೀದಾ ಬಂದು ಹಬೀಬಾರ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ದುಗ್ಗುವಿಗೆ ಜಾಗಟೆ ಬಡಿಯಲೂ ನೆನಪಾಗಲಿಲ್ಲ.

ಲತೀಫನ ಮೊದಲ ಮಾತು ನಡುಗಿತು. ಎರಡನೆಯದು ಎದ್ದು ನಿಂತಿತು. ಮೂರನೆಯದು ನಡೆಯಿತು.

"ನನ್ನ ಮುತ್ತಜ್ಜ ಯಾರ ನಗರವನ್ನು ಸುಟ್ಟನೋ ಅವರ ಪ್ರಾರ್ಥನೆಯನ್ನೇ ನಾನು ಕಲಿತೆ. ಸಾಮ್ರಾಜ್ಯ ಬಿದ್ದುಹೋಯಿತು, ಸರಿ. ಆದರೆ ಆ ನಂಬಿಕೆಗೆ ಸಿಂಹಾಸನ ಬೇಕಾಗಲಿಲ್ಲ. ಒಂಟೆಯ ಬೆನ್ನೇರಿ ಸಮರ್ಕಂದಕ್ಕೆ ಹೋಯಿತು, ಹಾಯಿ ಬಿಚ್ಚಿಕೊಂಡು ಜಾವಾಕ್ಕೆ ಹೋಯಿತು. ಮೆಣಸು ಕೊಳ್ಳಲು ಬಂದವರ ಜೊತೆ ಕರಾವಳಿಯಲ್ಲಿ ಇಳಿಯಿತು. ಅಲ್ಲಿಯ ಮೀನು ತಿಂದಿತು, ಅಲ್ಲಿಯ ಭಾಷೆ ಕಲಿಯಿತು, ಅಲ್ಲೇ ಮನೆ ಮಾಡಿತು. ಕತ್ತಿ ಹಿಡಿದು ಬಂದವರಿಗಿಂತ ತಕ್ಕಡಿ ಹಿಡಿದು ಬಂದವರನ್ನು ಜನ ಹೆಚ್ಚು ನಂಬಿದರು!"

ಮಂಗೋಲರ ಖಾನನ ಬಾಯಲ್ಲಿ ಉಳ್ಳಾಲದ ಮೀನು ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಮೊದಲ ಚಪ್ಪಾಳೆ ಗಿರಿಯಪ್ಪನವರದ್ದೇ, ಜೊತೆಗೆ ಒಂದು ಶಿಳ್ಳೆ ಕೂಡ. ನಿಶ್ಚಿತಾರ್ಥದ ಹೂಮಾಲೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಮಲಯಾಳಿಗಳೂ ಅರ್ಥವಾಗದಿದ್ದರೂ ತಟ್ಟಿದರು. ಅಷ್ಟರಲ್ಲಿ ಬಾಂಗ್ ಕೇಳಿಸಿತು. ಲತೀಫ್ ಕೈಮುಗಿದು ನಗುತ್ತಾ ಎದ್ದ.

ಎಲ್ಲರೂ ಅವನನ್ನು ಮುತ್ತಿಕೊಂಡಿದ್ದಾಗ ಹಬೀಬಾ ಕಣ್ಣೊರೆಸಿಕೊಂಡು ಗಿರಿಯಪ್ಪನವರತ್ತ ತಿರುಗಿದರು.

"ಮಗ ಮಾತಾಡಿದ್ದು ಚಂದ ಆಯ್ತು" ಎಂದರು. "ನೀವು ಸೋತದ್ದು ಇನ್ನೂ ಚಂದ ಆಯ್ತು ಮಾರಾಯ್ರೆ."

ಗಿರಿಯಪ್ಪನವರು ಎದ್ದು ತಲೆಬಾಗಿ ಕೈಮುಗಿದರು. ಅಷ್ಟು ಸಂತೋಷ ಅವರಿಗೆ ಯಾವ ಗೆಲುವಿನಲ್ಲೂ ಆಗಿರಲಿಲ್ಲ.