ಮುದ್ದೆ ಅಗಿಯುವ ಸೊಸೆ

ಮೇಘನ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿ ಇಂದಿಗೆ ಮೂರು ದಿನ. ಮೊದಲ ದಿನ ಅತ್ತೆ ಆದಿಲಕ್ಷ್ಮಮ್ಮ ಓಮಿನ ಕಷಾಯ ಕುಡಿಸಿ, "ಬರೀ ವಾಯು ಕಣೇ, ಎದ್ದು ಓಡಾಡು" ಎಂದು ಗದರಿದ್ದಳು. ಮುಳಬಾಗಿಲಿನಲ್ಲಿ ಸೂಜಿ ಹಾಕಿಸಿದ್ದಾಯಿತು, ಹೊಟ್ಟೆಗೆ ಜೆಲ್ಲಿ ಸವರಿ ಸ್ಕ್ಯಾನಿಂಗ್ ಮಾಡಿಸಿದ್ದೂ ಆಯಿತು, ಏನೂ ಕಾಣಲಿಲ್ಲ. ಕೋಲಾರದ ಆಸ್ಪತ್ರೆಗೆ ತರುವಷ್ಟರಲ್ಲಿ ಹುಡುಗಿಯ ಹೊಟ್ಟೆ ಹಲಗೆಯಂತಾಗಿತ್ತು. ಜ್ವರಕ್ಕೆ ಮಾತು ತೊದಲುತ್ತಿತ್ತು.

ಸಿಟಿ ಸ್ಕ್ಯಾನ್ ಕೋಣೆಯ ಬಾಗಿಲು ಮುಚ್ಚಿತು. ಮಗ ವೆಂಕಟ್ ಗೋಡೆಗೆ ಹಣೆ ಒತ್ತಿ ನಿಂತ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ನನ್ನನ್ನು ಕರಕೊಂಡು ಅವಳನ್ನು ಬಿಡಪ್ಪಾ ದೇವರೇ ಎಂದು ಆದಿಲಕ್ಷ್ಮಮ್ಮ ಸೆರಗಿಗೆ ಗಂಟು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

ಡಾಕ್ಟರಮ್ಮ ಅನಿತ ಇಬ್ಬರನ್ನೂ ಒಳಗೆ ಕರೆದು ಪರದೆ ತೋರಿಸಿದರು. ಬೂದು ಕರುಳಿನ ಸುರುಳಿಗಳ ನಡುವೆ ಒಂದು ಸಣ್ಣ ಬಿಳಿ ಗೆರೆಯಿತ್ತು.

"ಅಪೆಂಡಿಕ್ಸ್ ಅಲ್ಲ, ಕಲ್ಲೂ ಅಲ್ಲ. ಏನೋ ಚೂಪಾದ್ದು ಕರುಳು ತೂತು ಮಾಡಿದೆ. ಈಗಲೇ ಆಪರೇಷನ್ ಆಗ್ಬೇಕು. ಏನು ನುಂಗಿದ್ರು? ಒಂದೇನಾ, ಇನ್ನೂ ಇದ್ಯಾ? ಕೆಲವು ಸಲ ಇದ್ರೂ ಸ್ಕ್ಯಾನಲ್ಲಿ ಕಾಣಲ್ಲ."

"ಅಂಥದ್ದೇನೂ ತಿಂದಿಲ್ಲ ಮೇಡಂ" ಎಂದ ವೆಂಕಟ್.

ಆದಿಲಕ್ಷ್ಮಮ್ಮ ಪರದೆಯ ಆ ಬಿಳಿ ಗೆರೆಯನ್ನೇ ಬಗ್ಗಿ ನೋಡಿದಳು. ಹೋದ ಸೋಮವಾರ ಮನೆದೇವರ ಪೂಜೆ. ಅಂದು ಅವರ ಮನೆಯಲ್ಲಿ ತಟ್ಟೆಯಲ್ಲಿ ಉಣ್ಣುವಂತಿಲ್ಲ. ಮುತ್ತುಗದ ಎಲೆಗಳನ್ನು ಬಿದಿರುಕಡ್ಡಿ ಚುಚ್ಚಿ ಜೋಡಿಸಿದವಳು ಅವಳೇ. ಬೈರಕೂರಿನಲ್ಲಿ ತನ್ನಷ್ಟು ಬಿಗಿಯಾಗಿ ಎಲೆ ಹಚ್ಚುವವರಿಲ್ಲ ಎಂಬ ಜಂಬ ಬೇರೆ. ಮಾಲೂರು ಪೇಟೆಯಲ್ಲಿ ಅನ್ನ ತಿಂದು ಬೆಳೆದ ಸೊಸೆ ಮುದ್ದೆಯನ್ನು ಅಗಿಯುತ್ತಾ ಕೂತಿದ್ದಳು. "ಮುದ್ದೆ ಯಾರಾದ್ರೂ ಅಗೀತಾರೇನೇ? ಸಾರಲ್ಲಿ ಅದ್ದಿ ನುಂಗು!" ಎಂದು ತಾನೇ ಗದರಿದ್ದಳು. ನೆಂಟರೆಲ್ಲ ಗೊಳ್ಳೆಂದು ನಕ್ಕರು. ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ದೊಡ್ಡ ದೊಡ್ಡ ತುತ್ತು ನುಂಗಿದಳು. ಆಮೇಲೆ ಅವಳ ಎಲೆ ಎತ್ತುವಾಗ ಒಂದು ಮೂಲೆ ಬಿಚ್ಚಿಕೊಂಡಿತ್ತು, ಎರಡು ಕಡ್ಡಿ ಇರಲಿಲ್ಲ. ಎಲ್ಲೋ ಉದುರಿರಬೇಕೆಂದು ಆದಿಲಕ್ಷ್ಮಮ್ಮ ಎಲೆಯನ್ನು ತಿಪ್ಪೆಗೆ ಎಸೆದಿದ್ದಳು.

ಬಾಯಿಬಿಟ್ಟರೆ ಮಗ ಮತ್ತೆ ಮುಖ ನೋಡುತ್ತಾನೋ ಇಲ್ಲವೋ. ಬಿಡದಿದ್ದರೆ ಹುಡುಗಿಯೇ ಉಳಿಯುವುದಿಲ್ಲ.

"ಬಿದಿರುಕಡ್ಡಿ ಕಣಮ್ಮಾ. ಊಟದೆಲೇದು. ಎರಡು" ಎಂದಳು. "ನಾನೇ ನುಂಗಿಸ್ದೆ."

ವೆಂಕಟ್ ತಿರುಗಿ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬಾಗಿಲು ತಳ್ಳಿಕೊಂಡು ಹೊರಗೆ ಹೋದ.

ಆಪರೇಷನ್ ಮಾಡುವಾಗ ಎರಡನೆಯ ಕಡ್ಡಿ ಸ್ಕ್ಯಾನಿನಲ್ಲಿ ಕಾಣದ ಕರುಳಿನ ಮಡಿಕೆಯೊಂದರಲ್ಲಿ ಸಿಕ್ಕಿತು. ಹೇಳಿದ್ದಕ್ಕೆ ಹುಡುಕಿದೆವು, ಇಲ್ಲದಿದ್ದರೆ ಹೊಲಿದು ಮುಚ್ಚಿಬಿಡುತ್ತಿದ್ದೆವು ಎಂದರು ಡಾಕ್ಟರಮ್ಮ. ಆದರೆ ನಂಜು ಏರಿದೆ, ಈಗಲೇ ಏನೂ ಹೇಳಲಾಗದು ಎಂದೂ ಸೇರಿಸಿದರು. ನಾಲ್ಕು ದಿನ ಆದಿಲಕ್ಷ್ಮಮ್ಮ ಐಸಿಯು ಬಾಗಿಲು ಬಿಟ್ಟು ಕದಲಲಿಲ್ಲ. ಮಗ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದ.

ಐದನೆಯ ದಿನ ಮೇಘನ ಕಣ್ಣು ಬಿಟ್ಟಳು. ಮರುದಿನ ಎರಡು ಚಮಚ ಗಂಜಿ ಕೊಡಬಹುದೆಂದರು. ಆದಿಲಕ್ಷ್ಮಮ್ಮ ಚಮಚವನ್ನು ಅವಳ ತುಟಿಯ ಹತ್ತಿರ ಹಿಡಿದಳು. ಹುಡುಗಿ ಬಾಯಿ ತೆರೆಯಲಿಲ್ಲ. ಅತ್ತೆಯ ಮುಖವನ್ನೇ ಹೆದರಿ ನೋಡುತ್ತಾ, ಬತ್ತಿದ ದನಿಯಲ್ಲಿ ಕೇಳಿದಳು:

"ನುಂಗ್ಲಾ ಅತ್ತೆ?"

ಗಂಜಿಯೆಲ್ಲ ಹೊದಿಕೆಯ ಮೇಲೆ ಚೆಲ್ಲಿಹೋಯಿತು.